ಹುಳಿಯಕ್ಕನ ನೀಲಿ ಕೋಸು

ಹುಳಿಯಕ್ಕನಿಗೆ ಸಿಟ್ಟು ಬಂದಿದೆ ಅನ್ನುವುದು ಓಣಿಗೆಲ್ಲ ಗೊತ್ತಾಗುತ್ತಿದ್ದದ್ದು ಅವಳ ಮನೆ ತಣ್ಣಗಾದಾಗ. ಮಾಮೂಲಿ ದಿನಗಳಲ್ಲಿ ಅವಳದು ಆ ತುದಿಯ ದರ್ಜಿ ಅಂಗಡಿಯಿಂದ ಈ ತುದಿಯ ನಲ್ಲಿಯವರೆಗೆ ಕೇಳುವ ಗಂಟಲು. ಉಪ್ಪು ಎಲ್ಲಿಟ್ಟಿದ್ದೀರಿ ಎಂದು ಗಂಡನನ್ನು ಕೇಳಿದರೂ ಅಕ್ಕಪಕ್ಕದವರು ತಮ್ಮ ತಮ್ಮ ಉಪ್ಪಿನ ಡಬ್ಬಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆದರೆ ನಿಜವಾದ ಸಿಟ್ಟು ಬಂದಾಗ ಅವಳ ದನಿ ಇಳಿಯುತ್ತಿತ್ತು, ಮರ್ಯಾದೆ ಏರುತ್ತಿತ್ತು. ‘ನೀವು’ ಅನ್ನುವುದು ‘ತಾವು’ ಆಯಿತೆಂದರೆ ಗಂಡ ಮಂಚದ ಕೆಳಗೆ ಚಪ್ಪಲಿ ಹುಡುಕಲು ಶುರುಮಾಡುತ್ತಿದ್ದ. ‘ದಯವಿಟ್ಟು’ ಅಂದಳೋ, ಚಪ್ಪಲಿಯೂ ಬೇಡ, ಬರಿಗಾಲಲ್ಲೇ ನಡೆದುಬಿಡುತ್ತಿದ್ದ.

ಅವಳಿಗೆ ಆ ಅಡ್ಡಹೆಸರು ಬಂದದ್ದು ಸ್ವಭಾವದಿಂದಲ್ಲ, ಕಸುಬಿನಿಂದ. ಸ್ವಭಾವವೂ ಹೊಂದಿಕೊಂಡಿತು ಅಷ್ಟೆ. ಮನೆಯ ಹಿಂದಿನ ಕೋಣೆಯಲ್ಲಿ ಸಾಲಾಗಿ ಪಿಂಗಾಣಿ ಜಾಡಿಗಳು. ಒಳಗೆ ವಿನೆಗರ್, ಉಪ್ಪು, ಸಾಸಿವೆ, ಅದರಲ್ಲಿ ಮುಳುಗಿದ ತರಕಾರಿ. ಎಲೆ ಉದುರುವ ಕಾಲ ಬಂತೆಂದರೆ ಮಾರುಕಟ್ಟೆಗೆ ಬಂದದ್ದೆಲ್ಲ ಆ ಕೋಣೆ ಸೇರುತ್ತಿತ್ತು: ಎಳೆ ಸೌತೆ, ಹೂಕೋಸು, ಗಜ್ಜರಿ, ಬೀಟ್‌ರೂಟ್, ಕೆಂಪು ಕೋಸು. ಕೋಣೆಯ ವಾಸನೆ ಮನೆಯನ್ನು ಹಿಡಿದು, ಮನೆಯದು ಓಣಿಯನ್ನು ಹಿಡಿದು, ಅಂಚೆಯವನು ವಿಳಾಸ ನೋಡದೆ ವಾಸನೆಯ ಜಾಡು ಹಿಡಿದೇ ಬರುತ್ತಿದ್ದ.

ಹುಡುಗಿಯಾಗಿದ್ದಾಗ ಅವಳು ಊರಾಚೆಯ ಡಬ್ಬಿ ಕಾರ್ಖಾನೆಯಲ್ಲಿ ಸೌತೆಕಾಯಿ ತೊಳೆಯುತ್ತಿದ್ದಳು. ಮೊಣಕೈವರೆಗೆ ತಣ್ಣೀರು, ಬೆನ್ನ ಹಿಂದೆ ಗದರುವ ಮೇಸ್ತ್ರಿ. ಒಂದು ದಿನ ಉಪ್ಪುನೀರಿನ ತೊಟ್ಟಿಗೆ ಬೆರಳದ್ದಿ ನೆಕ್ಕಿ, “ಇದು ಕೆಟ್ಟಿದೆ” ಅಂದಳು. “ನೀನ್ಯಾರೇ ಹೇಳೋಕೆ?” ಎಂದ ಮೇಸ್ತ್ರಿ. ಎರಡು ದಿನಕ್ಕೆ ಡಬ್ಬಿಗಳು ಊದಿಕೊಂಡು ಪಟಪಟ ಸಿಡಿದ ಮೇಲೆ ಅವಳನ್ನು ತೊಳೆಯುವ ಸಾಲಿನಿಂದ ತೆಗೆದು ರುಚಿ ನೋಡುವ ಮೇಜಿಗೆ ಹಾಕಿದರು. ಕಾರ್ಖಾನೆ ಮುಚ್ಚಿದ ದಿನ ಬೇರೆಯವರು ಕುರ್ಚಿ, ಬಕೆಟ್ಟು, ಗಡಿಯಾರ ಅಂತ ಕೈಗೆ ಸಿಕ್ಕಿದ್ದು ಹೊತ್ತುಕೊಂಡು ಹೋದರು. ಇವಳು ನಾಲಿಗೆ ಒಂದನ್ನೇ ತಂದಳು. ಅದರ ಮೇಲೇ ಇಷ್ಟು ವರ್ಷ ಸಂಸಾರ ನಡೆದದ್ದು.

ಮಾಲೆಲ್ಲ ಹೋಗುತ್ತಿದ್ದದ್ದು ಮೂಲೆಯ ದಿನಸಿ ಅಂಗಡಿಗೆ. ಅದರ ಯಜಮಾನಿಯನ್ನು ಎಲ್ಲರೂ ಅಂಗಡಿಯಮ್ಮ ಅನ್ನುತ್ತಿದ್ದರು: ಗಾಜಿನ ಬಾಗಿಲು, ಕುತ್ತಿಗೆಗೆ ನೇತುಹಾಕಿದ ಕನ್ನಡಕ, ಯಾರನ್ನೂ ನೋಯಿಸದ ನಗು. ಹುಳಿಯಕ್ಕನ ಬಾಟಲಿಗಳ ಮೇಲೆ ಅಂಗಡಿಯಮ್ಮ ತನ್ನ ಚೀಟಿ ಅಂಟಿಸುತ್ತಿದ್ದಳು: ‘ನಮ್ಮ ಅಂಗಡಿಯ ಸ್ವಂತ ತಯಾರಿಕೆ’. ಹುಳಿಯಕ್ಕ ಅದನ್ನು ಬಹಳ ವರ್ಷ ತಲೆಗೆ ಹಚ್ಚಿಕೊಂಡಿರಲಿಲ್ಲ. ಆದರೆ ಒಂದು ದಿನ ಸೋಪು ತರಲು ಹೋಗಿ ಸಾಲಿನಲ್ಲಿ ನಿಂತಿದ್ದಾಗ, ಮುಂದಿದ್ದ ಹೆಂಗಸೊಬ್ಬಳು, “ಏನ್ ಕೈರುಚಿ ಅಮ್ಮಾ ನಿಮ್ದು! ನಮ್ಮನೇಲಿ ಮಕ್ಕಳು ಬಾಟ್ಲಿ ನೆಕ್ತಾರೆ” ಅಂದಳು. ಅಂಗಡಿಯಮ್ಮ ಕಣ್ಣು ಅರ್ಧ ಮುಚ್ಚಿ, “ಏನೋಮ್ಮಾ, ದೇವರು ಕೊಟ್ಟಿದ್ದು” ಅಂದಳು.

ದೇವರು ಕೊಟ್ಟಿದ್ದು! ಹಿಂದಿನ ಕೋಣೆಯಲ್ಲಿ ಸೊಂಟ ಬಗ್ಗಿಸಿ ಹೂಕೋಸು ಬಿಡಿಸಿದ ದೇವರು ಸಾಲಿನಲ್ಲಿ ನಾಲ್ಕನೆಯವಳಾಗಿ ಸೋಪು ಹಿಡಿದು ನಿಂತಿದ್ದಳು. ಆವತ್ತು ಅವಳು ಸೋಪು ಅಲ್ಲೇ ಇಟ್ಟು ಮೆತ್ತಗೆ ಹೇಳಿದಳು: “ಅಮ್ಮಾ, ಈ ವರ್ಷದಿಂದ ಬಾಟಲಿ ಮೇಲೆ ನನ್ನ ಹೆಸರು ಇರಬೇಕು. ದಯವಿಟ್ಟು.”

ಅಂಗಡಿಯಮ್ಮ ಅಳೆದೂ ಸುರಿದೂ ಒಪ್ಪಿದಳು. “ಆಯ್ತು ಕಣಮ್ಮ. ಈ ಸಲದ ಮಾಲು ಪಕ್ವ ಆಗ್ಲಿ, ನಾನೇ ಬಂದು ರುಚಿ ನೋಡ್ತೀನಿ. ಚೆನ್ನಾಗಿದ್ರೆ ಮುಂದಿನ ಕಪಾಟು ನಿಂದೇ, ಹೆಸರೂ ನಿಂದೇ. ಇಲ್ದಿದ್ರೆ ಇದ್ದ ಹಾಗೇ ಇರೋಣ.”

ಹೀಗೆ ಆ ವರ್ಷದ ಜಾಡಿಗಳಲ್ಲಿ ತರಕಾರಿಯ ಜೊತೆ ಅವಳ ಹೆಸರೂ ನೆನೆಯುತ್ತಿತ್ತು.

ಅದೇ ವರ್ಷ ಗಂಡನಿಗೆ ಎದೆಯುರಿ ಶುರುವಾಯಿತು.

ಗಂಡ ನಗರಸಭೆಯ ಈಜುಕೊಳದ ಕಾವಲುಗಾರ. ಮಕ್ಕಳ ಬಾಯಲ್ಲಿ ಸೀಟಿ ಮಾಮ. ಬೇಸಿಗೆಯುದ್ದಕ್ಕೂ ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಕೊಳದ ದಡದಲ್ಲಿ ಓಡಾಡುತ್ತ, ದಿನವೂ ನೀರು ಪರೀಕ್ಷೆ ಮಾಡಿ, ಹುಳಿ ಹೆಚ್ಚಾದರೆ ಸೋಡಾ ಸುರಿದು, ಕ್ಷಾರ ಹೆಚ್ಚಾದರೆ ಆಸಿಡ್ ಸುರಿದು, ನೀರನ್ನು ನಡುದಾರಿಯಲ್ಲಿ ಇಡುವುದು ಅವನ ಕೆಲಸ. ಕೆಲಸದಲ್ಲಿ ಬಲು ನಿಯತ್ತು. ಕಷ್ಟ ಇದ್ದದ್ದು ನೀರಿಗೆ ಎಲೆ ಬೀಳತೊಡಗಿ ಕೊಳಕ್ಕೆ ಬೀಗ ಹಾಕಿದ ಮೇಲೆ. ಆಗ ಅವನಿಗೆ ಕೈತುಂಬ ಬಿಡುವು, ತಲೆತುಂಬ ಉತ್ಸಾಹ. ಒಂದು ವರ್ಷ ಮನೆಯ ಬಾಗಿಲುಗಳನ್ನೆಲ್ಲ ರಿಪೇರಿ ಮಾಡಿದ; ಅಂದಿನಿಂದ ಚಿಲಕ ಬೀಳದೆ ಬಚ್ಚಲಿಗೆ ಹೋದವರು ಹಾಡು ಹೇಳುತ್ತ ಕೂರಬೇಕಾಯಿತು. ಇನ್ನೊಂದು ವರ್ಷ ಜೇನು ಸಾಕಿದ. ಜೇನಿನ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಈ ವರ್ಷ ಎದೆಯುರಿ, ಕೈಯಲ್ಲಿ ಫೋನು. ಫೋನಿನೊಳಗೆ ಒಬ್ಬ ಡಾಕ್ಟರು. ಹಲ್ಲು ಬೆಳ್ಳಗೆ, ಕೋಟು ಅದಕ್ಕಿಂತ ಬೆಳ್ಳಗೆ. ನಿಮ್ಮ ಒಡಲು ಹುಳಿಯಾಗಿದೆ, ಸಕಲ ರೋಗಕ್ಕೂ ಅದೇ ಬೇರು, ಆಲ್ಕಲೈನ್, ಅಂದರೆ ಕ್ಷಾರದ ಆಹಾರ ತಿನ್ನಿ, ಅದರಲ್ಲೂ ಎಲೆ ಉದುರುವ ಕಾಲದಲ್ಲಿ ಪ್ರಕೃತಿಯೇ ತಾನಾಗಿ ಕೊಡುವುದನ್ನು ಆರಿಸಿ ತಿನ್ನಿ ಎಂದು ಅವರು ಹೇಳಿದರು. ಸೀಟಿ ಮಾಮನಿಗೆ ಮೈ ಜುಮ್ಮೆಂದಿತು. ಜನ್ಮದಲ್ಲಿ ಮೊದಲ ಸಲ ಒಬ್ಬ ಡಾಕ್ಟರು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಿದ್ದರು.

“ನೋಡು,” ಅಂದ ಹೆಂಡತಿಗೆ, “ಮನುಷ್ಯನ ಒಡಲಲ್ಲಿ ಮುಕ್ಕಾಲು ಪಾಲು ನೀರೇ. ಅಂದ್ಮೇಲೆ ಮನುಷ್ಯ ಅಂದ್ರೆ ಏನು? ಒಂದು ಕೊಳ. ಇಷ್ಟು ವರ್ಷ ನನ್ನ ಕೊಳಾನ ನಾನು ನೋಡ್ಕೊಂಡೇ ಇಲ್ಲ.”

“ಉಂಡ ಕೈ ತೊಳೆಯೋ ಮುಂಚೆ ಹಾಸಿಗೆ ಮೇಲೆ ಬೀಳ್ತೀಯಲ್ಲೋ, ಅದಕ್ಕೆ ಉರಿಯೋದು” ಎಂದು ಮೂಲೆಯಿಂದ ಅವನ ತಾಯಿ ಕೂಗಿದಳು. ಮುದುಕಿಗೆ ಕಿವಿ ಬೇಕಾದಾಗ ಮಾತ್ರ ಕೇಳಿಸುತ್ತಿತ್ತು. ಮಗನ ತಪ್ಪು ಹೇಳುವಾಗ ಯಾವಾಗಲೂ ಬೇಕಾಗುತ್ತಿತ್ತು.

“ಅಮ್ಮಾ, ಇದು ವಿಜ್ಞಾನ.”

“ಮಲಗೋದು ಯಾವ ವಿಜ್ಞಾನವೋ?”

ಮರುದಿನದಿಂದ ಮಾರುಕಟ್ಟೆಯ ಚೀಲ ಅವನ ಕೈಗೆ ಹೋಯಿತು. ಹುಳಿಯಕ್ಕನಿಗೆ ಸಿಟ್ಟು ಹತ್ತಿದ್ದು ಇಲ್ಲಿಂದಲೇ. ಮೂಗಿನಿಂದ ಮೂಸಿ, ಉಗುರಿನಿಂದ ಚುಚ್ಚಿ, ತರಕಾರಿಯವಳ ಜೊತೆ ಜಗಳವಾಡಿ ಆರಿಸುವುದು ಅವಳ ವಾರದ ಹಬ್ಬ. ಇವನು ಹೋಗಿ ಸಿಹಿಕುಂಬಳವನ್ನು ಮಗುವಿನಂತೆ ಎತ್ತಿಕೊಂಡು, “ಇದು ಆಲ್ಕಲೈನಾ ಅಮ್ಮಾ?” ಎಂದು ಕೇಳಿದನಂತೆ. ತರಕಾರಿಯವಳು, “ಅದೆಲ್ಲಾ ಗೊತ್ತಿಲ್ಲಣ್ಣ, ಇವತ್ತು ಬೆಳಿಗ್ಗೆ ಬಂದಿದ್ದು. ನಿಮಗೆ ಹಾಗೇ ಬೇಕು ಅಂದ್ರೆ ಹಾಗೇ ಅಂದ್ಕೊಳ್ಳಿ” ಅಂದಳಂತೆ. ಅವನು ಹಾಗೇ ಅಂದುಕೊಂಡು ತಂದ. ಕುಂಬಳ, ಸಿಹಿಗೆಣಸು, ಪಾಲಕ್ ಸೊಪ್ಪು, ಪೇರು ಹಣ್ಣು, ಹೊರಲಾರದಷ್ಟು ಬೀಟ್‌ರೂಟ್. ಮೊಟ್ಟೆ, ಬ್ರೆಡ್ಡು, ಕಾಫಿ ಮನೆಯಿಂದ ಗಡಿಪಾರಾದವು. ಕಾಫಿ ಹೋದ ದಿನ ಮುದುಕಿ ಗೋಡೆಯ ಕಡೆ ತಿರುಗಿ ಮಲಗಿ, “ನನ್ನನ್ನೂ ಕಳಿಸ್ಬಿಡು” ಅಂದಳು.

ಇಷ್ಟಕ್ಕೇ ನಿಂತಿದ್ದರೆ ಹುಳಿಯಕ್ಕ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳು. ಆದರೆ ಸೀಟಿ ಮಾಮ ಕೊಳದ ಪರೀಕ್ಷೆ ಪೆಟ್ಟಿಗೆಯನ್ನೇ ಮನೆಗೆ ತಂದ. ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಪುಟ್ಟ ಗಾಜಿನ ಕೊಳವೆ, ಹನಿ ಹಾಕುವ ಶೀಶೆ. ನೀರಿಗೆ ಹನಿ ಬಿದ್ದು ಹಳದಿ ಬಂದರೆ ಹುಳಿ, ಕೆಂಪು ಬಂದರೆ ಕ್ಷಾರ. ಅಡುಗೆಮನೆ ಮೇಜಿನ ಮೇಲೆ ತರಕಾರಿಯನ್ನು ಅರೆದು, ಸೋಸಿ, ಕೊಳವೆಗೆ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಫೋನಿನ ಡಾಕ್ಟರು ಹಾಡಿ ಹೊಗಳಿದ್ದ ಕುಂಬಳ ಹಳದಿ ತೋರಿಸಿತು. ಕುಂಬಳದ ನೀರಿನ ಬಣ್ಣವೇ ಹಳದಿ ಅನ್ನುವುದು ಅವನ ಲೆಕ್ಕಕ್ಕೆ ಬರಲಿಲ್ಲ. ಬೀಟ್‌ರೂಟ್ ಸರದಿ ಬಂದಾಗ ಮಾತ್ರ ಕುಣಿದಾಡಿದ.

“ಬಾ ಇಲ್ಲಿ, ಬಾ! ಹನಿ ಹಾಕೋಕೆ ಮುಂಚೇನೇ ಕೆಂಪು! ಎಂಥಾ ಕ್ಷಾರ ಇರ್ಬೇಕು ನೋಡು ಇದರಲ್ಲಿ!”

“ರೀ, ಅದು ಬೀಟ್‌ರೂಟು. ಅದು ಕೆಂಪಗೇ ಇರೋದು.”

“ಯಾಕೆ ಕೆಂಪಗಿದೆ? ಅದನ್ನ ಯೋಚ್ನೆ ಮಾಡು.”

ಅಂದಿನಿಂದ ಬೆಳಿಗ್ಗೆ ಬೀಟ್‌ರೂಟ್, ಮಧ್ಯಾಹ್ನ ಬೀಟ್‌ರೂಟ್, ರಾತ್ರಿ ಬದಲಾವಣೆಗೆ ಬೀಟ್‌ರೂಟ್ ಸಾರು. ಮೂರನೆಯ ದಿನ ಮುದುಕಿ ಬಚ್ಚಲಿನಿಂದ, “ಅಯ್ಯಯ್ಯೋ, ನನ್ನ ರಕ್ತವೆಲ್ಲಾ ಹೊರಟೋಯ್ತು!” ಎಂದು ಕಿರುಚಿಕೊಂಡು ಬಂದು ಸೊಸೆಯನ್ನು ತಬ್ಬಿಕೊಂಡಳು. ಹುಳಿಯಕ್ಕ ಅತ್ತೆಯನ್ನು ಕೂರಿಸಿ, ನೀರು ಕೊಟ್ಟು, ಅದು ರಕ್ತವಲ್ಲ, ನಿಮ್ಮ ಮಗನ ವಿಜ್ಞಾನ ಎಂದು ತಿಳಿಸಿ ಹೇಳಿ, ತಲೆದಿಂಬಿನ ಕೆಳಗೆ ಗುಟ್ಟಾಗಿ ಬಿಸ್ಕತ್ತಿನ ಪೊಟ್ಟಣ ಇಟ್ಟಳು.

ಒಂದು ಸಂಜೆ ಅವನು ನಿಂಬೆಹಣ್ಣು ಹಿಂಡಿ ಕುಡಿಯುವುದನ್ನು ಅವಳು ನೋಡಿದಳು.

“ಇದೇನಿದು? ಹುಳಿ ಅಲ್ವಾ?”

“ನಿಂಬೆ ನಾಲಿಗೆ ಮೇಲೆ ಹುಳಿ, ಹೊಟ್ಟೆಗೆ ಹೋದ್ಮೇಲೆ ಕ್ಷಾರ.”

“ಹಂಗಾದ್ರೆ ನನ್ನ ವಿನೆಗರ್?”

“ವಿನೆಗರ್ ಬೇರೆ.”

“ಯಾಕೆ ಬೇರೆ? ನಿಂಬೆಗೆ ಹೊಟ್ಟೆ ಒಳಗೆ ಬಟ್ಟೆ ಬದಲಾಯಿಸೋಕೆ ಜಾಗ ಇದೆ, ನನ್ನ ವಿನೆಗರ್‌ಗೆ ಇಲ್ವಾ?”

“ಡಾಕ್ಟರು ಹೇಳಿದ್ದಾರೆ.”

“ನಿಮ್ಮ ಡಾಕ್ಟರು ಏನು ಮಾರ್ತಾರೆ?”

ಅವನು ಲೋಟದ ತಳ ನೋಡುತ್ತ, “ನಿಂಬೆ ಪುಡಿ” ಅಂದ. ಹುಳಿಯಕ್ಕ ಪಾತ್ರೆ ತೊಳೆಯಲು ಎದ್ದಳು. ಉಳಿದದ್ದು ಪಾತ್ರೆಗಳು ಹೇಳಿದವು.

ಆದರೆ ಆ ಮಾತು ಅವನ ತಲೆಯಲ್ಲಿ ಕೊರೆಯತೊಡಗಿರಬೇಕು. ಹಿಂದಿನ ಕೋಣೆಯ ಬಾಗಿಲಲ್ಲಿ ಹೋಗಿ ನಿಲ್ಲುವುದು, ಮೂಸುವುದು, ಎದೆ ಉಜ್ಜಿಕೊಳ್ಳುವುದು. “ಈ ಗಾಳಿಯಲ್ಲೇ ಹುಳಿ ಇದೆ, ಅದನ್ನೇ ಉಸಿರಾಡ್ತಿದ್ದೀವಿ” ಎಂದು ಗೊಣಗುವುದು. ಒಂದು ಜಾಡಿಯಿಂದ ಸೌಟು ನೀರು ತೆಗೆದು ಪರೀಕ್ಷೆ ಮಾಡಿದಾಗ ಬಂದ ಹಳದಿ ನೋಡಿ ಕೊಳವೆಯನ್ನು ದೂರ ಹಿಡಿದ. “ಇಂಥಾ ನೀರಿಗೆ ನಾನು ಒಂದು ನಾಯೀನೂ ಇಳಿಸಲ್ಲ!”

“ಯಾರಿಗೂ ಇಳೀರಿ ಅಂತ ನಾನು ಹೇಳಿಲ್ಲ. ಜಾಡಿ ಮುಟ್ಟಿದ್ರೆ ಕೈ ಮುರೀತೀನಿ.”

ಅದು ಜೋರು ದನಿಯಲ್ಲಿ ಹೇಳಿದ್ದು. ಆದ್ದರಿಂದ ಅವನು ಅದನ್ನು ಸಿಟ್ಟು ಎಂದು ತೆಗೆದುಕೊಳ್ಳಲಿಲ್ಲ. ಅವಳು ಮಾಡಿದ ಒಂದೇ ತಪ್ಪು ಅದು.

ಅಂಗಡಿಯಮ್ಮ ರುಚಿ ನೋಡಲು ಬರುವ ಹಿಂದಿನ ದಿನ ಹುಳಿಯಕ್ಕ ಅಚ್ಚುಕೂಟಕ್ಕೆ ಹೋದಳು. ಬಾಟಲಿಗೆ ಅಂಟಿಸುವ ಚೀಟಿ ತಯಾರಾಗಿತ್ತು. ಹಸಿರು ಅಂಚು, ನಡುವೆ ಅವಳ ಹೆಸರು. ಅಡ್ಡಹೆಸರಲ್ಲ, ಹುಟ್ಟಿದಾಗ ಇಟ್ಟದ್ದು, ಓಣಿಯಲ್ಲಿ ಯಾರಿಗೂ ನೆನಪಿಲ್ಲದ್ದು. ಅಚ್ಚಿನವನು, “ಯಾರಮ್ಮಾ ಇವರು?” ಎಂದು ಕೇಳಿದ. “ನಾನೇ” ಅನ್ನುವಾಗ ಅವಳಿಗೆ ನಾಚಿಕೆಯಾಯಿತು. ಪೊಟ್ಟಣವನ್ನು ಎದೆಗೊತ್ತಿಕೊಂಡು ಬಸ್ಸು ಬಿಟ್ಟು ನಡೆದೇ ಬಂದಳು.

ಓಣಿಯ ತಿರುವಿನಲ್ಲಿ ಕಾಲು ತಡೆಯಿತು. ಏನೋ ಇಲ್ಲ. ದರ್ಜಿಯ ಮಿಷನ್ ಇದೆ, ನಲ್ಲಿಯ ಹತ್ತಿರ ಬಕೆಟ್ಟುಗಳ ಜಗಳ ಇದೆ, ಆದರೂ ಏನೋ ಇಲ್ಲ. ಇನ್ನೂ ಎರಡು ಹೆಜ್ಜೆ ಹಾಕಿದ ಮೇಲೆ ಹೊಳೆಯಿತು: ವಾಸನೆ ಇಲ್ಲ.

ಅವಳು ಓಡಿದಳು.

ಹಿಂದಿನ ಕೋಣೆಯ ನೆಲದ ಮೇಲೆ ನೊರೆ. ಹೊಸ್ತಿಲು ದಾಟಿ ಅಡುಗೆಮನೆಗೆ ಬಂದು ಒಲೆಯ ಕಾಲಿಗೆ ಸುತ್ತಿಕೊಂಡ ನೊರೆ. ಅದರ ನಡುವೆ ಪ್ಯಾಂಟು ಮೊಣಕಾಲಿಗೆ ಮಡಿಚಿಕೊಂಡು ಗಂಡ, ಕೈಯಲ್ಲಿ ಕೋಲು, ಪಕ್ಕದಲ್ಲಿ ಬೇಕರಿಯಿಂದ ತಂದ ಅಡುಗೆ ಸೋಡಾದ ಖಾಲಿ ಚೀಲ. ಮುಖದಲ್ಲಿ ಮಕ್ಕಳ ಜೀವ ಉಳಿಸಿದವನ ಕಳೆ.

“ಅಷ್ಟೂ ಸರಿ ಮಾಡ್ದೆ ಕಣೇ! ಒಂದೊಂದೂ ಪರೀಕ್ಷೆ ಮಾಡಿ ಮಾಡಿ ಹಾಕಿದ್ದೀನಿ. ಕೊಳದ ಸೋಡಾ ಅಲ್ಲ ಮತ್ತೆ, ಅಡುಗೆ ಸೋಡಾ! ನನಗೂ ತಿಳುವಳಿಕೆ ಇದೆ. ಈಗ ಇದನ್ನ ತಿಂದವರಿಗೆ ಎದೆಯುರಿ ಅನ್ನೋದೇ ಇರಲ್ಲ. ನಿನ್ನ ಹೆಸರು ಬೇರೆ ಹಾಕ್ತಿದ್ದಾರೆ ಅಂತ, ನಾನೇ ಯೋಚ್ನೆ ಮಾಡಿ…”

ಅವಳು ಒಂದೊಂದೇ ಜಾಡಿಯ ಮುಚ್ಚಳ ತೆಗೆದಳು. ಸೌತೆ ಬೆರಳಿಗೆ ಸಿಕ್ಕರೆ ಜಾರುವಷ್ಟು ಮೆತ್ತಗಾಗಿತ್ತು. ಹೂಕೋಸು ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಕೊನೆಯದು ಕೆಂಪು ಕೋಸು, ಪ್ರತಿ ವರ್ಷ ಅಂಗಡಿಯಲ್ಲಿ ಮೊದಲು ಖಾಲಿಯಾಗುತ್ತಿದ್ದದ್ದು, ಬೆಳಕಿಗೆ ಹಿಡಿದರೆ ಮಾಣಿಕ್ಯದ ಹಾಗೆ ಹೊಳೆಯುತ್ತಿದ್ದದ್ದು. ಅದು ನೀಲಿಯಾಗಿತ್ತು. ಶಾಯಿ ದೌತಿಯಲ್ಲಿ ಅದ್ದಿ ತೆಗೆದ ಹಾಗೆ ನೀಲಿ.

ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಇಷ್ಟು ವರ್ಷದ ಬದುಕಿಗೆ ಸಾಬೂನಿನ ರುಚಿ ಬಂದಿತ್ತು.

“ತಾವು,” ಅಂದಳು. ದನಿ ಅವನ ಕಿವಿಗೆ ಮಾತ್ರ ಕೇಳುವಷ್ಟಿತ್ತು. “ತಾವು ದಯವಿಟ್ಟು ಈ ಕೋಣೆಯಿಂದ ಹೊರಗೆ ಹೋಗೋಣವಾಗಲಿ.”

ಚಪ್ಪಲಿ ಹುಡುಕಲಿಲ್ಲ. ನೊರೆಯ ಹೆಜ್ಜೆ ಮೂಡಿಸುತ್ತ ನಡುಮನೆಗೆ ಹೋಗಿ ನಿಂತ. ಅಲ್ಲಿಂದಲೇ, ಪ್ರಾಮಾಣಿಕವಾಗಿ ಸಹಾಯ ಮಾಡುವ ದನಿಯಲ್ಲಿ ಹೇಳಿದ: “ನಿನಗೆ ಅಷ್ಟು ಬೇಜಾರಾದ್ರೆ ವಾಪಸ್ ವಿನೆಗರ್ ಸುರಿದ್ರಾಯ್ತಲ್ಲ. ಕೊಳದಲ್ಲಿ ನಾವು ಹಂಗೇ ಮಾಡೋದು. ಹೆಚ್ಚಾದ್ರೆ ಇಳ್ಸೋದು, ಕಮ್ಮಿಯಾದ್ರೆ ಏರ್ಸೋದು.”

“ಇದು ಕೊಳ ಅಲ್ಲ. ಇದು ಜನ ಬಾಯಿಗೆ ಹಾಕ್ಕೊಳೋದು. ಹುಳಿ ಇರೋದು ರುಚಿಗೆ ಅಂದ್ಕೊಂಡ್ರಾ? ಅದು ಕಾವಲು. ಕಾವಲುಗಾರರೇ, ಕೇಳಿಸ್ತಾ? ಹುಳಿ ಹೋದ ಜಾಡಿ ಕೊಳೆಯುತ್ತೆ. ಮುಚ್ಚಳ ಬಿಗಿದ ಬಾಟಲೀಲಿ ಕೊಳೆತದ್ದನ್ನ ತಿಂದ್ರೆ ಮನುಷ್ಯ ಎದೆಯುರಿಯಿಂದ ಸಾಯಲ್ಲ, ನೇರವಾಗೇ ಸಾಯ್ತಾನೆ. ನೀವು ಎಲ್ಲೆಲ್ಲಿ ಎಷ್ಟೆಷ್ಟು ಸುರಿದ್ರಿ ಅಂತ ನಿಮಗೇ ಗೊತ್ತಿಲ್ಲ. ಆ ತೂತು ಕೊಳವೆ ನಂಬ್ಕೊಂಡು ನಾನು ಇನ್ನೊಬ್ಬರ ಮಗೂಗೆ ತಿನ್ನಿಸ್ಲಾ?”

ಮುದುಕಿ ಮೂಲೆಯಿಂದ ಬಾಯಿ ಹಾಕಿದಳು. “ನಾನು ಬೇಡ ಅಂದೆ ಕಣೇ. ಇವನು ನೀನೇ ಹೇಳಿದ್ದೀಯ ಅಂದ.”

“ನಾನು ಹಾಗನ್ನಲಿಲ್ಲ! ಖುಷಿಪಡ್ತಾಳೆ ಅಂದೆ!”

ಆ ಇರುಳು ಆ ಮನೆ ಎಷ್ಟು ತಣ್ಣಗಿತ್ತೆಂದರೆ, ದರ್ಜಿ ತನ್ನ ಮಿಷನ್ ನಿಲ್ಲಿಸಿ ಹೆಂಡತಿಗೆ, “ಏನೋ ಆಗಿದೆ” ಅಂದನಂತೆ.

ಮರುದಿನ ಅಂಗಡಿಯಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಹುಳಿಯಕ್ಕ ಸುತ್ತಿಬಳಸದೆ ಹೇಳಿದಳು: “ಅಮ್ಮಾ, ಮಾಲು ಹಾಳಾಗಿದೆ. ನಮ್ಮ ಯಜಮಾನ್ರು ಸೋಡಾ ಸುರಿದಿದ್ದಾರೆ. ತೋರಿಸೋಕೆ ಏನೂ ಇಲ್ಲ.”

ಅಂಗಡಿಯಮ್ಮ ಕನ್ನಡಕ ಏರಿಸಿದಳು. “ಸೋಡಾನಾ? ಯಾಕೆ?”

ಸೀಟಿ ಮಾಮ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅವನ ಬಾಯಿಗೆ ಆ ಅಭ್ಯಾಸ ಇರಲಿಲ್ಲ. “ಆಲ್ಕಲೈನ್ ಮಾಡೋಕೆ ಅಮ್ಮಾ. ಒಡಲಿಗೆ ಒಳ್ಳೇದು ಅಂತ…”

“ಆಲ್ಕಲೈನ್?” ಅಂಗಡಿಯಮ್ಮನ ಮುಖ ಬೆಳಗಿತು. “ಆಲ್ಕಲೈನ್ ಉಪ್ಪಿನಕಾಯಿ?”

ಅವಳು ತಾನಾಗಿಯೇ ಹಿಂದಿನ ಕೋಣೆಗೆ ನುಗ್ಗಿ ಮುಚ್ಚಳ ತೆಗೆದಳು. ನೀಲಿ ಕೋಸು ನೋಡಿ, “ಅಬ್ಬಾ!” ಅಂದಳು. ಅದು ಹೇಸಿಗೆಯ ಅಬ್ಬಾ ಆಗಿರಲಿಲ್ಲ. “ಏನ್ ಬಣ್ಣ ಕಣೇ ಇದು! ಗಾಜಿನ ಬಾಟಲೀಲಿ ಹಾಕಿ ಕಿಟಕೀಲಿ ಇಟ್ರೆ ಬೀದೀಲಿ ಹೋಗೋರು ನಿಂತು ನೋಡ್ತಾರೆ. ದಿನಾ ಹತ್ತು ಜನ ಬಂದು ಆಲ್ಕಲೈನ್ ಏನಿದೆ, ಆಲ್ಕಲೈನ್ ಏನಿದೆ ಅಂತಾರೆ. ಬರೀ ಆಲ್ಕಲೈನ್ ನೀರು ಮಾರಿ ಸಾಕಾಗಿದೆ ನನಗೆ. ಕೇಳು, ಮುಂದಿನ ಕಪಾಟು ಅಲ್ಲ, ಕಿಟಕಿ ಪೂರ್ತಿ ನಿಂಗೆ. ನಿನ್ನ ಹೆಸರು ದೊಡ್ಡದಾಗಿ, ಕೆಳಗೆ ಆಲ್ಕಲೈನ್.”

“ಅಮ್ಮಾ, ರುಚಿ ನೋಡಿ.”

“ಯಾಕೆ ರುಚಿ? ಔಷಧಿ ಅಂತ ತಿನ್ನೋರಿಗೆ ರುಚಿ ಯಾಕೆ? ಕೆಟ್ಟದಾಗಿದ್ದಷ್ಟೂ ನಂಬಿಕೆ ಜಾಸ್ತಿ.”

“ಇದು ವಾರ ತಡೆಯಲ್ಲಮ್ಮ. ಕೊಳೆಯುತ್ತೆ. ಯಾರಿಗಾದ್ರೂ ಏನಾದ್ರೂ ಆದ್ರೆ?”

“ಫ್ರಿಜ್ಜಲ್ಲಿಡಿ ಅಂತ ಸಣ್ಣಕ್ಷರದಲ್ಲಿ ಹಾಕೋಣ. ಅಷ್ಟೊಂದೆಲ್ಲಾ ಯೋಚಿಸಿದ್ರೆ ವ್ಯಾಪಾರ ಆಗಲ್ಲ. ಸಂಜೆವರೆಗೂ ಯೋಚ್ನೆ ಮಾಡು. ಬೇಡ ಅಂದ್ರೆ ಕಪಾಟು ಬೇರೆಯವರಿಗೆ ಕೊಡ್ತೀನಿ, ನಂಗೇನು.” ಬಾಗಿಲಲ್ಲಿ ತಿರುಗಿ ನಕ್ಕು ಹೇಳಿದಳು: “ನಿಮ್ಮೆಜಮಾನ್ರಿಗೆ ತಲೆ ಇದೆ ಕಣಮ್ಮ.”

ಆ ಕೊನೆಯ ಮಾತು ಬಂದು ನಾಟಿದ ಜಾಗದಲ್ಲಿ ಅವಳು ಬಹಳ ಹೊತ್ತು ನಿಂತೇ ಇದ್ದಳು. ಗಂಡ ನಡುಮನೆಯಲ್ಲಿ ಕೂತು, ನಗಬಾರದು ಎಂದು ತುಟಿ ಕಚ್ಚಿಕೊಂಡಿದ್ದ. ಮುದುಕಿ ದಿಂಬಿನ ಕೆಳಗಿನ ಬಿಸ್ಕತ್ತು ಬಹಿರಂಗವಾಗಿ ತಿನ್ನುತ್ತ ಅಂದಳು, “ಕೊಟ್ಬಿಡೇ. ಹೋದದ್ದೂ ಬಂತು, ಹೆಸರೂ ಬಂತು. ತಿನ್ನೋರು ಹುಚ್ಚರಾದ್ರೆ ನಿನ್ನ ತಪ್ಪಾ?”

ಸಿಟ್ಟು ಈಗ ಗಂಡನ ಮೇಲೆ ಮಾತ್ರ ಆಗಿದ್ದರೆ ಅವಳಿಗೆ ಎಷ್ಟೋ ಸಲೀಸಾಗಿತ್ತು. ಅವನ ಮೇಲೆ ಸಿಟ್ಟಾಗಿ ಅಭ್ಯಾಸವಿತ್ತು. ಆದರೆ ಮಾಣಿಕ್ಯದಂಥ ಕೋಸಿಗೆ ಇಷ್ಟು ವರ್ಷ ಕೊಡದ ಹೆಸರನ್ನು ಈ ನೀಲಿ ಗಲೀಜಿಗೆ ಕೊಡಲು ಬಂದ ಅಂಗಡಿಯಮ್ಮನ ಮೇಲೆ ಸಿಟ್ಟು. ನಾಲಿಗೆ ಬಿಟ್ಟು ಫೋನಿನಿಂದ ರುಚಿ ನೋಡುವ ಜನರ ಮೇಲೆ ಸಿಟ್ಟು. ಎಲ್ಲಕ್ಕಿಂತ ಜಾಸ್ತಿ ತನ್ನ ಮೇಲೆಯೇ. ಏಕೆಂದರೆ ಹಸಿರು ಅಂಚಿನ ಒಂದು ಚೀಟಿಯನ್ನು ಅವಳು ಆಗಲೇ ನೀಲಿ ಕೋಸು ತುಂಬಿದ ಒಂದು ಬಾಟಲಿಯ ಮೇಲೆ ಇಟ್ಟು, ಹೇಗೆ ಕಾಣುತ್ತದೆ ಎಂದು ನೋಡಿಬಿಟ್ಟಿದ್ದಳು. ಚೆನ್ನಾಗಿಯೇ ಕಾಣುತ್ತಿತ್ತು. ದರಿದ್ರದ್ದು, ಬಹಳ ಚೆನ್ನಾಗಿ ಕಾಣುತ್ತಿತ್ತು.

ಚೀಟಿಯನ್ನು ಪೊಟ್ಟಣಕ್ಕೆ ಹಾಕಿದಳು. ಸೊಂಟಕ್ಕೆ ಬಟ್ಟೆ ಬಿಗಿದು ಕೋಸಿನ ಜಾಡಿಯನ್ನು ತಬ್ಬಿಕೊಂಡು ಹಿತ್ತಲಿಗೆ ನಡೆದಳು. ಭಾರಕ್ಕೆ ಕಾಲು ಹೊರಳುತ್ತಿತ್ತು. ಗಂಡ ಎದ್ದು ಓಡಿಬಂದ.

“ಏ, ಏನ್ ಮಾಡ್ತಿದ್ದೀಯಾ? ಕಿಟಕಿ ಪೂರ್ತಿ ಕೊಡ್ತೀನಿ ಅಂದಿದ್ದಾರೆ!”

“ಕೊಳ ಖಾಲಿ ಮಾಡ್ತಿದ್ದೀನಿ. ಸೀಟಿ ಊದಿ, ಯಾರಾದ್ರೂ ಒಳಗಿದ್ರೆ ಮೇಲೆ ಬರ್ಲಿ.”

ಮೋರಿಯಲ್ಲಿ ನೀಲಿ ನೀರು ಹರಿಯಿತು. ಅವನು ಎರಡನೆಯ ಜಾಡಿಗೆ ಕೈ ಹಾಕಿದ. “ಮುಟ್ಟಬೇಡಿ” ಅಂದಳು. ಮೂರನೆಯದಕ್ಕೂ ಅದನ್ನೇ ಅಂದಳು. ನಾಲ್ಕನೆಯದರ ಹೊತ್ತಿಗೆ ಉಸಿರು ಸಿಗದೆ ಏನೂ ಅನ್ನಲಿಲ್ಲ. ಅವನು ಆ ಕಡೆ ಹಿಡಿದ. ಹಾಗೆ ಇಬ್ಬರೂ ಸೇರಿ ಅವನ ತಿಳುವಳಿಕೆಯನ್ನೂ ಅವಳ ಒಂದು ವರ್ಷವನ್ನೂ ಮೋರಿಗೆ ಸುರಿದರು. ಕೊನೆಯ ಜಾಡಿ ಬಗ್ಗಿಸುವಾಗ ಅವನು ಒಂದು ಮೆತ್ತಗಿನ ಸೌತೆಕಾಯಿ ಎತ್ತಿ, ಕಚ್ಚಿ ನೋಡಿ, ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ಉಗಿದ.

“ಕೆಟ್ಟದಾಗಿದೆ” ಅಂದ.

“ಗೊತ್ತಾಯ್ತಾ?”

“ಗೊತ್ತಾಯ್ತು.”

ಕ್ಷಮೆ ಕೇಳಿದ್ದು ಅಷ್ಟೆ. ಕೊಟ್ಟದ್ದಕ್ಕೆ ಯಾವ ಪುರಾವೆಯೂ ಇಲ್ಲ.

ಸಂಜೆ ಅವಳು ಅಂಗಡಿಗೆ ಹೋಗಿ, ಸಾಲಿನಲ್ಲಿದ್ದವರ ಮುಂದೆಯೇ ಮೆತ್ತಗೆ ಹೇಳಿದಳು: “ಅಮ್ಮಾ, ಸುರಿದುಬಿಟ್ಟೆ.”

“ಸುರಿದ್ಯಾ? ಹುಚ್ಚೀ! ಕಿಟಕಿ ಕೊಡ್ತೀನಿ ಅಂದಿದ್ನಲ್ಲೇ!”

“ಅದರ ಮೇಲೆ ನೀವು ನಿಮ್ಮದೇ ಹೆಸರು ಹಾಕ್ತೀನಿ ಅಂದಿದ್ರೆ ಸುರೀತಿರಲಿಲ್ಲವೇನೋ. ಕೇಳಿ ನೋಡ್ಬೇಕಿತ್ತು. ಹಾಕ್ತಿದ್ರಾ?”

ಅಂಗಡಿಯಮ್ಮ ಗಿರಾಕಿಗಳ ಕಡೆ ನೋಡಿದಳು, ಕನ್ನಡಕ ಒರೆಸತೊಡಗಿದಳು. ಮುಂದಿನ ಕಪಾಟು ಆ ವಾರವೇ ಯಾವುದೋ ಕಂಪನಿಯ ನಿಂಬೆ ಪುಡಿಗೆ ಹೋಯಿತು.

ಹುಳಿಯಕ್ಕ ಮಾರುಕಟ್ಟೆಯ ಚೀಲ ವಾಪಸ್ ಕಿತ್ತುಕೊಂಡಳು. ಕಾಲ ಮುಗಿಯುತ್ತ ಬಂದಿತ್ತು. ಒಳ್ಳೆಯ ಸೌತೆ ಇರಲಿಲ್ಲ, ಹೂಕೋಸಿಗೆ ಹುಳ ಹತ್ತಿತ್ತು. ಉಳಿದದ್ದು ಹಣ್ಣಾಗದೆ ಹಸಿರಾಗೇ ನಿಂತ ಟೊಮೇಟೊ, ಮೂಲಂಗಿ, ಗಟ್ಟಿ ಪೇರು, ಸಣ್ಣ ಈರುಳ್ಳಿ. ಒಂದೊಂದನ್ನೂ ಉಗುರಲ್ಲಿ ಚುಚ್ಚಿ, ತರಕಾರಿಯವಳ ಜೊತೆ ಗಂಟಲು ಹರಿಯುವಂತೆ ಜಗಳವಾಡಿ ಆರಿಸಿದಳು. ತರಕಾರಿಯವಳು, “ಬಂದ್ಯಾ ತಾಯಿ! ನಿಮ್ಮೆಜಮಾನ್ರು ಬಂದ್ರೆ ಮಾತೇ ಇರಲ್ಲ, ಬರೀ ಎತ್ಕೊಂಡು ಮುದ್ದಾಡ್ತಾರೆ” ಎಂದು ತೂಕದ ಮೇಲೆ ಎರಡು ಮೂಲಂಗಿ ಎಸೆದಳು.

ಆ ಸಲದ ಹೋಳುಗಳಷ್ಟು ತೆಳ್ಳಗೆ ಅವಳು ಹಿಂದೆಂದೂ ಹೆಚ್ಚಿರಲಿಲ್ಲ. ಚಾಕು ಮಣೆಯ ಮೇಲೆ ಬೀಳುವ ಸದ್ದು ಕೇಳಿ ಗಂಡ ಪಕ್ಕದ ಕೋಣೆಯಲ್ಲಿ ಒಂದೊಂದು ಏಟಿಗೂ ಕಣ್ಣು ಮಿಟುಕಿಸುತ್ತಿದ್ದ. ಪರೀಕ್ಷೆ ಪೆಟ್ಟಿಗೆ ಕೊಳಕ್ಕೆ ವಾಪಸಾಯಿತು. ಕಾಫಿ ಮನೆಗೆ ಬಂತು. ಮುದುಕಿಯ ಅಪ್ಪಣೆಯಂತೆ ಅವನು ಊಟವಾದ ಮೇಲೆ ಮಲಗದೆ ಓಣಿಯಲ್ಲಿ ಅಡ್ಡಾಡತೊಡಗಿದ, ಎದೆಯುರಿ ಕಡಿಮೆಯಾಯಿತು. ಅದು ಬೀಟ್‌ರೂಟಿನ ಫಲ ಎಂದು ಅವನು ದರ್ಜಿಗೆ ಗುಟ್ಟಾಗಿ ಹೇಳಿದ್ದು ಬೇರೆ ಮಾತು.

ಬಾಟಲಿಗಳು ಕೆಲವೇ ಆದವು. ಹಸಿರು ಅಂಚಿನ ಚೀಟಿ ಅಂಟಿಸಿ, ಹೆಸರು ಬೀದಿಗೆ ಕಾಣುವಂತೆ ಮನೆಯ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಅಂಗಡಿಯಮ್ಮ ಮಾಮೂಲಿನಂತೆ ಆಳನ್ನು ಕಳಿಸಿದಳು, ಚೀಟಿ ಇಲ್ಲದ ಬಾಟಲಿ ಬೇಕೆಂದು. ಹುಳಿಯಕ್ಕ ಅವನಿಗೆ ಕಾಫಿ ಕೊಟ್ಟು ಬರಿಗೈಲಿ ಕಳಿಸಿದಳು.

ಈಗ ಬೇಕಾದವರು ಬಂದು ಬಾಗಿಲು ತಟ್ಟಬೇಕು. ತಟ್ಟುವವರು ಬಹಳ ಮಂದಿಯೇನಿಲ್ಲ. ಬಂದವರನ್ನು ಅವಳು ಮೇಲಿಂದ ಕೆಳಗೆ ನೋಡಿ, “ಯಾಕೆ ಬೇಕು? ಒಡಲಿಗೆ ಒಳ್ಳೇದು ಅಂತಲೋ, ರುಚಿಗೋ?” ಎಂದು ಕೇಳುತ್ತಾಳೆ. ದನಿ ತೀರಾ ಮೆತ್ತಗಿರುತ್ತದೆ. ಓಣಿಯವರಿಗೆ ಆ ದನಿಯ ಅರ್ಥ ಗೊತ್ತು. ಆದ್ದರಿಂದ ಒಂದು ಬಾಟಲಿಗೆಂದು ಬಂದವರು, “ರುಚಿಗೇ ಅಕ್ಕಾ, ಬರೀ ರುಚಿಗೆ” ಎಂದು ಎರಡು ತೆಗೆದುಕೊಂಡು ಹೋಗುತ್ತಾರೆ.